ಕ್ರೋಮಾ ಕೀ ಸರಿಯಾಗಿ ಕೂರದಿದ್ದಾಗ: ಎರಡು ವಿಡಿಯೊ ಸ್ಟ್ರೀಮ್‌ಗಳ ಪ್ಯಾಚ್‌ನಲ್ಲಿ ದೋಷ ಹುಡುಕುವ ಕ್ರಮ

ಉಡುಪಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ಹಸಿರು ಪರದೆಯ ಮುಂದೆ ಯಕ್ಷಗಾನದ ವೇಷಧಾರಿಯೊಬ್ಬರು ಕುಣಿಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಕ್ಯಾಮೆರಾದಿಂದ ನೇರವಾಗಿ ಬರುವ ಆ ದೃಶ್ಯ ಮೊದಲನೆಯ ಸ್ಟ್ರೀಮ್. ಮಲ್ಪೆಯಿಂದ ದೋಣಿಯಲ್ಲಿ ಹೋಗಿ, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೆ ತೆರೆ ಬಡಿಯುವುದನ್ನು ಚಿತ್ರೀಕರಿಸಿ ತಂದ ಫೈಲು ಎರಡನೆಯದು. ಪರದೆಯ ಹಸಿರು ಇರುವಲ್ಲೆಲ್ಲ ಕಡಲು ಕಾಣಿಸಬೇಕು, ವೇಷ ಮಾತ್ರ ಇಡಿಯಾಗಿ ಉಳಿಯಬೇಕು. ಒಂದು ಬಣ್ಣವನ್ನು ಹೀಗೆ ತೆಗೆದು ಆ ಜಾಗದಲ್ಲಿ ಬೇರೆ ಚಿತ್ರ ಕೂರಿಸುವುದೇ ಕ್ರೋಮಾ ಕೀ, ಚಿಕ್ಕದಾಗಿ ಕೀ. ಕೋಡ್ ಬರೆಯದೆ, ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ ಕೆಲಸ ಮಾಡಿಸುವ ಮ್ಯಾಕ್ಸ್, ಪ್ಯೂರ್ ಡೇಟಾ, ಟಚ್‌ಡಿಸೈನರ್ ಮುಂತಾದ ವಿಷುವಲ್ ಪ್ರೋಗ್ರಾಮಿಂಗ್ ತಂತ್ರಾಂಶಗಳಲ್ಲಿ ಇಂಥ ಪ್ಯಾಚ್, ಅಂದರೆ ಪೆಟ್ಟಿಗೆ ತಂತಿಗಳ ಜೋಡಣೆ, ಕಟ್ಟುವುದು ಕಷ್ಟವಲ್ಲ. ಕಷ್ಟವಾಗುವುದು, ಕಟ್ಟಿದ ಮೇಲೆ ಚಿತ್ರ ಕೆಟ್ಟು ಬಂದಾಗ ಅದು ಎಲ್ಲಿ ಕೆಟ್ಟಿತೆಂದು ಹೇಳುವುದು.

ಈ ಬರಹದಲ್ಲಿ ಮುಖ್ಯವಾಗಿ ಮ್ಯಾಕ್ಸ್‌ನ ಒಳಗಿರುವ ವಿಡಿಯೊ ವಿಭಾಗವಾದ ಜಿಟರ್‌ ಅನ್ನು ಹಿಡಿದು ವಿವರಿಸುತ್ತೇನೆ. ಉಳಿದೆರಡು ತಂತ್ರಾಂಶಗಳಲ್ಲಿ ಬೇರೆಯಾಗುವ ಅಂಶಗಳನ್ನು ಕೊನೆಯಲ್ಲಿ ತಿಳಿಸುತ್ತೇನೆ. ಕೀ ಸರಿಯಾಗಿ ಕೂರದಿದ್ದರೆ ಎಲ್ಲರ ಕೈಯೂ ಮೊದಲು ಟಾಲರೆನ್ಸ್ ಗುಂಡಿಯ, ಅಂದರೆ ಕೀ ಬಣ್ಣದಿಂದ ಎಷ್ಟು ದೂರದ ಬಣ್ಣವನ್ನೂ ತೆಗೆಯಬಹುದೆಂಬ ಮಿತಿಯ ಕಡೆಗೆ ಹೋಗುತ್ತದೆ. ಅದನ್ನು ಕಡೆಗೆ ಮುಟ್ಟಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ಟ್ರೀಮ್, ಬಣ್ಣದ ರೂಪ, ಬೆಳಕು ಈ ಮೂರೂ ಸರಿಯಾಗಿವೆಯೆಂದು ಖಚಿತವಾಗುವ ಮೊದಲು ಟಾಲರೆನ್ಸ್ ತಿರುಗಿಸಿದರೆ, ಒಂದು ದೋಷದ ಮೇಲೆ ಇನ್ನೊಂದನ್ನು ಹೊದಿಸಿದಂತಾಗಿ ಮೂಲ ಕಾರಣವೇ ಮರೆಯಾಗುತ್ತದೆ.

ಎರಡನ್ನೂ ಬಿಡಿಸಿ ನೋಡುವುದು

ಕೀ ಮಾಡುವ ಜಿಟ್.ಕ್ರೋಮಾಕೀ ಆಬ್ಜೆಕ್ಟ್‌ಗೆ (ಪೆಟ್ಟಿಗೆಗೆ) ಎರಡು ಇನ್‌ಲೆಟ್‌ಗಳಿವೆ, ಅಂದರೆ ಒಳದಾರಿಗಳಿವೆ. ಎಡಗಡೆಯದಕ್ಕೆ ಹಸಿರು ಪರದೆಯ ಮುಂದಿನ ವೇಷ, ಬಲಗಡೆಯದಕ್ಕೆ ಹಿನ್ನೆಲೆಯ ಕಡಲು. ಎಡಗಡೆಯ ಚಿತ್ರದ ಪ್ರತಿಯೊಂದು ಪಿಕ್ಸೆಲ್‌ ಅನ್ನು ಅದು ನೀವು ಕೊಟ್ಟ ಬಣ್ಣದೊಂದಿಗೆ ಹೋಲಿಸಿ, ಹತ್ತಿರವಿದ್ದರೆ ಅದೇ ಜಾಗದ ಬಲಗಡೆಯ ಪಿಕ್ಸೆಲ್‌ ಅನ್ನು ತೋರಿಸುತ್ತದೆ. ತಂತಿಗಳು ಅದಲುಬದಲಾದರೆ ಕಡಲಿನಲ್ಲಿ ಹಸಿರು ಹುಡುಕುವ ಕೆಲಸ ನಡೆಯುತ್ತದೆ, ಪರದೆಯ ಮೇಲೆ ಕಡಲು ಮಾತ್ರ ಉಳಿಯುತ್ತದೆ. ಆದ್ದರಿಂದ ಮೊದಲ ಕೆಲಸವಾಗಿ, ಕೀ ಆಬ್ಜೆಕ್ಟ್‌ಗೆ ಹೋಗುವ ಎರಡೂ ತಂತಿಗಳ ಮೇಲೆ ತಲಾ ಒಂದು ಜಿಟ್.ಪಿವಿಂಡೋ ಮತ್ತು ಒಂದು ಜಿಟ್.ಎಫ್‌ಪಿಎಸ್‌ಗುಯಿ ಇಡಬೇಕು. ಮೊದಲನೆಯದು ಚಿತ್ರವನ್ನು ತೋರಿಸುತ್ತದೆ. ಎರಡನೆಯದು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ, ಮ್ಯಾಟ್ರಿಕ್ಸ್‌ನ (ಚಿತ್ರವನ್ನು ಅಂಕಿಗಳಾಗಿ ಹಿಡಿದಿಡುವ ಕೋಷ್ಟಕದ) ಅಗಲ ಎತ್ತರ ಎಷ್ಟು, ಅದರಲ್ಲಿ ಎಷ್ಟು ಪ್ಲೇನ್‌ಗಳಿವೆ (ಬಣ್ಣದ ಒಂದೊಂದು ಅಂಶಕ್ಕೆ ಒಂದೊಂದು ಪದರ) ಎಂಬುದನ್ನು ತೋರಿಸಬಲ್ಲದು. ಅರ್ಧದಷ್ಟು ದೋಷಗಳು ಈ ನಾಲ್ಕು ಕಿಟಕಿಗಳನ್ನು ನೋಡಿದಾಗಲೇ ಕಣ್ಣಿಗೆ ಬೀಳುತ್ತವೆ.

ಕ್ಯಾಮೆರಾದ ಚಿತ್ರ ಗುಲಾಬಿ, ಹಸಿರು ಪಟ್ಟೆಗಳಾಗಿ ಕಾಣಿಸುತ್ತಿದ್ದು, 640 ಇರಬೇಕಾದ ಅಗಲ 320 ಎಂದು ಬರುತ್ತಿದ್ದರೆ, ಅದು ಯುವೈವಿವೈ ರೂಪದಲ್ಲಿ ಬರುತ್ತಿದೆ ಎಂದರ್ಥ. ಈ ರೂಪದಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳು ಒಂದೇ ಕೋಶದಲ್ಲಿ ಕೂರುತ್ತವೆ, ಅವೆರಡಕ್ಕೂ ಬಣ್ಣದ ಮಾಹಿತಿ ಒಂದೇ. ಕ್ರೋಮಾ ಕೀ ನಿರೀಕ್ಷಿಸುವುದು ಆಲ್ಫಾ (ಪಾರದರ್ಶಕತೆ), ಕೆಂಪು, ಹಸಿರು, ನೀಲಿ ಎಂಬ ನಾಲ್ಕು ಪ್ಲೇನ್‌ಗಳನ್ನು, ಅದೇ ಕ್ರಮದಲ್ಲಿ. ಯುವೈವಿವೈಯಲ್ಲಿಯೂ ಪ್ಲೇನ್‌ಗಳು ನಾಲ್ಕೇ ಇರುವುದರಿಂದ ಯಾವ ಎರರ್ ಸಂದೇಶವೂ ಬರುವುದಿಲ್ಲ; ಹೊಳಪಿನ ಅಂಕಿಯನ್ನು ಬಣ್ಣವೆಂದು ಓದಿಕೊಂಡು ಆಬ್ಜೆಕ್ಟ್ ಸುಮ್ಮನೆ ಲೆಕ್ಕ ಮಾಡುತ್ತಲೇ ಹೋಗುತ್ತದೆ. ಕ್ಯಾಮೆರಾದ ಚಿತ್ರ ತರುವ ಜಿಟ್.ಗ್ರ್ಯಾಬ್‌ನ ಕಲರ್‌ಮೋಡ್ ಬದಲಿಸಿ, ಅಥವಾ ನಡುವೆ ಒಂದು ಜಿಟ್.ಯುವೈವಿವೈ2ಎಆರ್‌ಜಿಬಿ ಹಾಕಿ.

ಎರಡೂ ಚಿತ್ರಗಳ ಅಳತೆ ಬೇರೆ ಬೇರೆ ಇದ್ದರೆ ಜಿಟರ್ ದೂರು ಹೇಳುವುದಿಲ್ಲ. ಬಲಗಡೆಯ ಚಿತ್ರವನ್ನು ಎಡಗಡೆಯ ಅಳತೆಗೆ ಹಿಗ್ಗಿಸಿಯೋ ಕುಗ್ಗಿಸಿಯೋ ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾ 4:3 ಆಗಿದ್ದು ಕಡಲಿನ ಫೈಲು 16:9 ಆಗಿದ್ದರೆ ಕಲ್ಲುಕಂಬಗಳು ಇದ್ದುದಕ್ಕಿಂತ ಸಪೂರವಾಗಿ ಕಾಣುತ್ತವೆ. ಇದನ್ನು ಕೀಯ ದೋಷವೆಂದು ಹುಡುಕುತ್ತ ಕೂರದೆ, ಫೈಲನ್ನೇ ಮೊದಲು ಕತ್ತರಿಸಿ ಅಳತೆಗೆ ತಂದುಕೊಳ್ಳುವುದು ಒಳ್ಳೆಯದು.

ಬಲ ಮೊದಲು, ಎಡ ಆಮೇಲೆ

ಚಿತ್ರ ನಿಂತುಹೋಗುವುದು, ಅಥವಾ ಹಿನ್ನೆಲೆ ಒಂದು ಫ್ರೇಮ್ ಹಿಂದೆ ಬೀಳುವುದು, ಇವೆರಡರ ಮೂಲವೂ ಒಂದೇ. ಜಿಟರ್‌ನ ಆಬ್ಜೆಕ್ಟ್‌ಗಳಲ್ಲಿ ಬಲ ಇನ್‌ಲೆಟ್‌ಗೆ ಬಂದದ್ದು ಒಳಗೆ ಸಂಗ್ರಹವಾಗುತ್ತದೆ ಅಷ್ಟೇ. ಎಡ ಇನ್‌ಲೆಟ್‌ಗೆ ಫ್ರೇಮ್ ಬಂದಾಗ ಮಾತ್ರ ಲೆಕ್ಕ ನಡೆದು ಹೊಸ ಚಿತ್ರ ಹೊರಬರುತ್ತದೆ. ಹಾಗಾಗಿ ಕಡಲಿನ ಫೈಲು ನಿಂತರೆ ಹಿನ್ನೆಲೆ ಮಾತ್ರ ಸ್ತಬ್ಧವಾಗುತ್ತದೆ, ಕ್ಯಾಮೆರಾ ನಿಂತರೆ ಕಡಲೂ ಸೇರಿ ಎಲ್ಲವೂ ಸ್ತಬ್ಧವಾಗುತ್ತದೆ. ಯಾವುದು ನಿಂತಿತು ಎಂಬುದನ್ನು ನೋಡಿದರೆ ಯಾವ ಕೇಬಲ್ ಪರೀಕ್ಷಿಸಬೇಕೆಂದು ತಿಳಿಯುತ್ತದೆ.

ಎರಡು ಸ್ಟ್ರೀಮ್‌ಗಳಿಗೆ ಎರಡು ಮೆಟ್ರೊ (ಗೊತ್ತಾದ ಅಂತರದಲ್ಲಿ ಸಂಕೇತ ಕಳುಹಿಸುವ ಆಬ್ಜೆಕ್ಟ್) ಕೊಡುವ ಅಭ್ಯಾಸವನ್ನು ಬಿಡಬೇಕು. ಒಂದೇ ಕ್ಯೂಮೆಟ್ರೊ, ಅದರ ಕೆಳಗೆ ಎರಡು ಬ್ಯಾಂಗ್ (ಈಗ ಕೆಲಸ ಮಾಡು ಎಂಬ ಸಂಕೇತ) ಕೊಡುವ ಒಂದು ಟ್ರಿಗರ್ ಆಬ್ಜೆಕ್ಟ್ ಇರಲಿ. ಟ್ರಿಗರ್ ತನ್ನ ಬಲ ತುದಿಯಿಂದ ಎಡಕ್ಕೆ ಬ್ಯಾಂಗ್ ಕಳುಹಿಸುವುದರಿಂದ, ಬಲ ತುದಿಯನ್ನು ಕಡಲಿನ ಫೈಲಿಗೂ ಎಡ ತುದಿಯನ್ನು ಕ್ಯಾಮೆರಾಕ್ಕೂ ಜೋಡಿಸಿದರೆ, ಹಿನ್ನೆಲೆ ಮೊದಲು ಬಂದು ಕುಳಿತ ಮೇಲೆಯೇ ವೇಷ ಬರುತ್ತದೆ. ಕ್ಯಾಮೆರಾ 30 ಫ್ರೇಮ್, ಫೈಲು 25 ಫ್ರೇಮ್ ಇದ್ದರೂ ಆಗ ತೊಂದರೆಯಿಲ್ಲ.

ಟಾಲರೆನ್ಸ್ ಏಕೆ ಸಾಲುವುದಿಲ್ಲ

ಈಗ ಬಣ್ಣದ ವಿಷಯ. ಕೆಂಪು, ಹಸಿರು, ನೀಲಿಯ ಮೌಲ್ಯಗಳನ್ನು ಜಿಟ್.ಕ್ರೋಮಾಕೀ 0ಯಿಂದ 1ರ ಅಳತೆಯಲ್ಲಿ ಕೇಳುತ್ತದೆ. ನೀವು ಬಣ್ಣ ಆರಿಸುವ ಸಾಧನ 0ಯಿಂದ 255ರ ಅಳತೆಯಲ್ಲಿ ಅಂಕಿ ಕೊಡುತ್ತಿದ್ದರೆ ಪ್ರತಿಯೊಂದನ್ನೂ 255ರಿಂದ ಭಾಗಿಸಿ ಕಳುಹಿಸಬೇಕು. ಭಾಗಿಸದೆ ಕಳುಹಿಸಿದರೆ ಯಾವ ಪಿಕ್ಸೆಲ್ ಕೂಡ ಹೊಂದುವುದಿಲ್ಲ, ಪರದೆ ಹಸಿರಾಗಿಯೇ ಉಳಿಯುತ್ತದೆ.

ಹತ್ತಿರ, ದೂರ ಎಂಬುದನ್ನು ಆಬ್ಜೆಕ್ಟ್ ಹೇಗೆ ಅಳೆಯುತ್ತದೆಂದು ತಿಳಿದರೆ ಅರ್ಧ ಗೊಂದಲ ತೀರುತ್ತದೆ. ಪಿಕ್ಸೆಲ್‌ನ ಕೆಂಪಿಗೂ ಕೀ ಬಣ್ಣದ ಕೆಂಪಿಗೂ ಇರುವ ವ್ಯತ್ಯಾಸ, ಹಾಗೆಯೇ ಹಸಿರಿನದು, ನೀಲಿಯದು, ಇವೆಲ್ಲವನ್ನೂ ಕೂಡಿಸಿ ಬಂದ ಮೊತ್ತವೇ ದೂರ. ಅದು ಟಾಲರೆನ್ಸ್‌ನ ಒಳಗಿದ್ದರೆ ಕಡಲು, ಮೀರಿದರೆ ವೇಷ. ಒಂದು ಉದಾಹರಣೆಯನ್ನು ಅಂಕಿಗಳಲ್ಲಿಯೇ ನೋಡೋಣ. ಪರದೆಯ ನಡುವೆ ಚೆನ್ನಾಗಿ ಬೆಳಕು ಬಿದ್ದ ಜಾಗದಲ್ಲಿ ಕೆಂಪು 60, ಹಸಿರು 170, ನೀಲಿ 70 ಇದೆ. ಅದನ್ನೇ ಕೀ ಬಣ್ಣವಾಗಿ ಆರಿಸಿದ್ದೀರಿ. ವೇಷಧಾರಿಯ ಕಾಲಬುಡದಲ್ಲಿ ನೆರಳು ಬಿದ್ದ ಪರದೆ 25, 90, 30 ಇದೆ. ವ್ಯತ್ಯಾಸಗಳು 35, 80, 40. ಒಟ್ಟು 155, ಅಂದರೆ 255ರಿಂದ ಭಾಗಿಸಿದಾಗ ಸುಮಾರು 0.61. ವೇಷಧಾರಿ ತೊಟ್ಟಿರುವುದು ಹಸಿರು ದಗಲೆ (ಮೇಲಂಗಿ), ಅದರ ಬಣ್ಣ 20, 110, 50. ಇಲ್ಲಿ ವ್ಯತ್ಯಾಸಗಳು 40, 60, 20. ಒಟ್ಟು 120, ಅಂದರೆ ಸುಮಾರು 0.47. ಪರದೆಯದೇ ನೆರಳಿಗಿಂತ ದಗಲೆಯೇ ಕೀ ಬಣ್ಣಕ್ಕೆ ಹೆಚ್ಚು ಹತ್ತಿರದಲ್ಲಿದೆ. ನೆರಳು ಮಾಯವಾಗುವಷ್ಟು ಟಾಲರೆನ್ಸ್ ಏರಿಸಿದರೆ ಅದಕ್ಕೂ ಮೊದಲೇ ದಗಲೆ ಮಾಯವಾಗಿ, ಎದೆಯ ಜಾಗದಲ್ಲಿ ತೆರೆ ಬಡಿಯತೊಡಗುತ್ತದೆ. ಟಾಲರೆನ್ಸ್ ಎಷ್ಟಿಟ್ಟರೂ ಇದು ಸರಿಹೋಗದು.

ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಅವುಗಳಿಗೆ ಬೇರೆ ಬೇರೆ ಪರಿಹಾರ ಬೇಕು. ನೆರಳಿನದು ಹೊಳಪಿನ ಸಮಸ್ಯೆ. ಮೂರೂ ಬಣ್ಣಗಳ ಮೊತ್ತದಲ್ಲಿ ಹಸಿರಿನ ಪಾಲು ಎಷ್ಟೆಂದು ನೋಡಿದರೆ ಬೆಳಕಿನ ಪರದೆಯಲ್ಲಿ 300ರಲ್ಲಿ 170, ಅಂದರೆ 0.57, ನೆರಳಿನಲ್ಲಿ 145ರಲ್ಲಿ 90, ಅಂದರೆ 0.62. ಬಣ್ಣ ಹೆಚ್ಚು ಬದಲಾಗಿಲ್ಲ, ಹೊಳಪು ಮಾತ್ರ ಕುಸಿದಿದೆ. ಆದ್ದರಿಂದ ಹೊಳಪನ್ನು ಬದಿಗಿಟ್ಟು ಬಣ್ಣವನ್ನು ಮಾತ್ರ ನೋಡುವ ವಿಧಾನಕ್ಕೆ, ಅಂದರೆ ಜಿಟ್.ಎಆರ್‌ಜಿಬಿ2ಎವೈಯುವಿ ಬಳಸಿ ಹೊಳಪಿನ ಪ್ಲೇನ್‌ ಅನ್ನು ಬೇರ್ಪಡಿಸುವ ದಾರಿಗೆ ಹೋದರೆ ನೆರಳು ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಆದರೆ ಅದೇ ಲೆಕ್ಕದಲ್ಲಿ ದಗಲೆಯದು 180ರಲ್ಲಿ 110, ಅಂದರೆ 0.61. ಬಣ್ಣವನ್ನು ಮಾತ್ರ ನೋಡುವ ಕೀಗೆ ದಗಲೆಯೂ ಪರದೆಯೂ ಒಂದೇ. ಹಸಿರು ದಗಲೆಯ ವೇಷಕ್ಕೆ ಹಸಿರು ಪರದೆ ಆಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ನೀಲಿ ಪರದೆ ತರಿಸುವುದೇ ಸರಿಯಾದ ಉತ್ತರ. ಪ್ರಸಂಗ ಗೊತ್ತಾದ ದಿನವೇ ಚೌಕಿಗೆ (ಬಣ್ಣದ ಮನೆಗೆ) ಹೋಗಿ, ಯಾವ ವೇಷಕ್ಕೆ ಯಾವ ಬಣ್ಣದ ದಗಲೆ, ಯಾವ ಬಣ್ಣದ ಕಸೆ ಸೀರೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಪ್ಯಾಚ್ ಕಟ್ಟುವ ಕೆಲಸದ ಭಾಗವೇ ಎಂದು ನಾನು ಭಾವಿಸುತ್ತೇನೆ. ವೇಷದ ಬಣ್ಣಕ್ಕೆ ಅದರದೇ ಆದ ಸಂಪ್ರದಾಯವಿದೆ. ನಮ್ಮ ತಂತ್ರಾಂಶದ ಅನುಕೂಲಕ್ಕಾಗಿ ಕಲಾವಿದರಿಗೆ ದಗಲೆ ಬದಲಿಸಿ ಎನ್ನುವುದು ಸಲ್ಲದು.

ಬೆಳಕು, ಕ್ಯಾಮೆರಾ, ಮತ್ತು ನಮ್ಮ ವಿದ್ಯುತ್ತು

ಕೀ ಒಂದು ಗಳಿಗೆ ಚೆನ್ನಾಗಿದ್ದು ಮರುಗಳಿಗೆ ಕೆಡುತ್ತಿದ್ದರೆ, ಪ್ಯಾಚ್‌ ಅನ್ನು ಬಿಟ್ಟು ಕ್ಯಾಮೆರಾವನ್ನು ನೋಡಿ. ಆಟೊ ಎಕ್ಸ್‌ಪೋಷರ್, ಆಟೊ ವೈಟ್ ಬ್ಯಾಲೆನ್ಸ್ ಚಾಲನೆಯಲ್ಲಿದ್ದರೆ, ಹೊಳೆಯುವ ಕಿರೀಟ ತೊಟ್ಟ ವೇಷ ಒಂದು ಹೆಜ್ಜೆ ಮುಂದೆ ಬಂದಾಗ ಕ್ಯಾಮೆರಾ ಇಡೀ ಚಿತ್ರವನ್ನು ತುಸು ಕಪ್ಪಾಗಿಸುತ್ತದೆ; ಅದರೊಂದಿಗೆ ಪರದೆಯ ಹಸಿರೂ ನೀವು ಆರಿಸಿಟ್ಟ ಅಂಕಿಯಿಂದ ಜಾರುತ್ತದೆ. ಎರಡನ್ನೂ ಮ್ಯಾನುವಲ್‌ಗೆ ಹಾಕಿ ಬೀಗ ಹಾಕಬೇಕು. ಮೊಬೈಲ್ ಫೋನನ್ನು ಕ್ಯಾಮೆರಾ ಮಾಡಿಕೊಂಡವರು ಎಕ್ಸ್‌ಪೋಷರ್ ಲಾಕ್ ಮಾಡಲು ಬರುವ ಆ್ಯಪ್‌ ಅನ್ನೇ ಆರಿಸಿಕೊಳ್ಳಬೇಕು.

ಚಿತ್ರದಲ್ಲಿ ಮಂದವಾದ ಅಡ್ಡ ಪಟ್ಟೆಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದು, ಅವು ಹಾದುಹೋಗುವಾಗ ಕೀ ಹರಿದಂತೆ ಕಾಣುತ್ತಿದ್ದರೆ, ಅದು ದೀಪಗಳ ಮಿನುಗು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಮತ್ತು ಹಳೆಯ ಚೋಕ್‌ನ ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದ ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿ ಉಳಿದಿದ್ದರೆ ಶಟರ್ ಮತ್ತು ಮಿನುಗು ತಾಳೆಯಾಗುವುದಿಲ್ಲ. ಅದನ್ನು 50ಕ್ಕೆ ಬದಲಿಸಿ, ಶಟರ್‌ ಅನ್ನು ಸೆಕೆಂಡಿನ 50ನೇ ಅಥವಾ 100ನೇ ಭಾಗಕ್ಕೆ ಇಡಬೇಕು. ಯಕ್ಷಗಾನಕ್ಕೆ 100ನೇ ಭಾಗವೇ ಮೇಲು. ತೆಂಕುತಿಟ್ಟಿನ ಧೀಂಗಿಣದಲ್ಲಿ ಮೈ ಗಾಳಿಯಲ್ಲಿ ತಿರುಗುವಾಗ 50ನೇ ಭಾಗದ ಶಟರ್‌ನಲ್ಲಿ ವೇಷದ ಅಂಚು ಪರದೆಯ ಹಸಿರಿನೊಂದಿಗೆ ಕಲಸಿಹೋಗುತ್ತದೆ, ಆ ಕಲಸಿದ ಬಣ್ಣವನ್ನು ಯಾವ ಕೀಯೂ ಬಿಡಿಸಲಾರದು. ಶಟರ್ ವೇಗ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ಹ್ಯಾಲೊಜನ್ ದೀಪಗಳು ಮಂದವಾಗುವುದಲ್ಲದೆ ಕೆಂಪಾಗಿಯೂ ಉರಿಯುತ್ತವೆ. ಪರದೆಯ ದೀಪಗಳಿಗಾದರೂ ಸ್ಟೆಬಿಲೈಜರ್ ಇರಲಿ.

ಪರದೆಗೆ ಬೇರೆ ದೀಪ, ವೇಷಕ್ಕೆ ಬೇರೆ ದೀಪ ಇರಬೇಕು. ಪರದೆಯ ನಾಲ್ಕು ಮೂಲೆ ಮತ್ತು ನಡುವಿನ ಬಣ್ಣವನ್ನು ಅಂಕಿಗಳಲ್ಲಿ ಓದಿ ನೋಡಿ. ಹಸಿರಿನ ಮೌಲ್ಯ ಮೂಲೆಯಿಂದ ಮೂಲೆಗೆ ಬಹಳ ಏರಿಳಿದರೆ ದೀಪಗಳನ್ನು ಸರಿಸಿ. ಕಣ್ಣಿಗೆ ಸಮವಾಗಿ ಕಂಡ ಪರದೆ ಅಂಕಿಗಳಲ್ಲಿ ಸಮವಾಗಿರುವುದು ಅಪರೂಪ.

ಚಿನ್ನದ ಮೇಲೆ ಬಿದ್ದ ಹಸಿರು

ಯಕ್ಷಗಾನದ ಚಿತ್ರೀಕರಣಕ್ಕೇ ವಿಶೇಷವಾದ ತೊಂದರೆಯೊಂದಿದೆ. ಕಿರೀಟ, ಭುಜಕೀರ್ತಿ, ಎದೆಪದಕಗಳ ಚಿನ್ನದ ಬೇಗಡೆ ಮತ್ತು ಕನ್ನಡಿ ಚೂರುಗಳು ಹಿಂದಿನ ಪರದೆಯ ಹಸಿರನ್ನು ಪ್ರತಿಫಲಿಸುತ್ತವೆ. ಕೀ ಆದ ಮೇಲೆ ಆ ಜಾಗಗಳಲ್ಲಿ ಸಣ್ಣ ಸಣ್ಣ ತೂತುಗಳಾಗಿ ಕಡಲು ಇಣುಕುತ್ತದೆ, ಅಥವಾ ಅಂಚಿನಲ್ಲಿ ಹಸಿರು ಗೆರೆ ಉಳಿಯುತ್ತದೆ. ವೇಷಧಾರಿಯನ್ನು ಪರದೆಯಿಂದ ಕನಿಷ್ಠ ಎರಡು ಮೀಟರ್ ಮುಂದೆ ನಿಲ್ಲಿಸುವುದು, ಹಿಂದಿನಿಂದ ಭುಜದ ಮೇಲೆ ಒಂದು ಬೆಚ್ಚನೆಯ ದೀಪ ಬೀಳಿಸುವುದು, ಇವು ಮೊದಲ ಮದ್ದು.

ಉಳಿದ ಹಸಿರನ್ನು ಪ್ಯಾಚ್‌ನಲ್ಲಿ ತೆಗೆಯಬಹುದು. ಕೀಗೆ ಹೋಗುವ ಚಿತ್ರವನ್ನು ಮುಟ್ಟದೆ, ತೋರಿಸುವ ಚಿತ್ರದಲ್ಲಿ ಮಾತ್ರ ಹಸಿರಿಗೆ ಒಂದು ಮಿತಿ ಹಾಕಬೇಕು. ಜಿಟ್.ಕ್ರೋಮಾಕೀ ತಾನು ಹೋಲಿಸಿದ ಚಿತ್ರವನ್ನೇ ತೋರಿಸುವುದರಿಂದ ಅದರ ಮುಂದೆ ಈ ಮಿತಿ ಹಾಕಿದರೆ ಪರದೆಯ ಹಸಿರೂ ಹೋಗಿ ಕೀಯೇ ಬೀಳುತ್ತದೆ. ಅದರ ನಂತರ ಹಾಕಿದರೆ ಕಡಲಿನ ಹಸಿರು ಛಾಯೆಗೂ ಪೆಟ್ಟು ಬೀಳುತ್ತದೆ. ಕಡಲು ನೀಲಿಯಾಗಿದ್ದರೆ ಆ ಪೆಟ್ಟು ಕಾಣುವುದಿಲ್ಲ. ಮಳೆಗಾಲದ ಹಸಿರುಗಪ್ಪು ಕಡಲಾದರೆ ಕಾಣುತ್ತದೆ. ಜಿಟ್.ಅನ್‌ಪ್ಯಾಕ್‌ನಿಂದ ಪ್ಲೇನ್‌ಗಳನ್ನು ಬಿಡಿಸಿ, ಒಂದು ಜಿಟ್.ಆಪ್‌ನಲ್ಲಿ ಕೆಂಪು ಮತ್ತು ನೀಲಿಗಳಲ್ಲಿ ಯಾವುದು ದೊಡ್ಡದೋ ಅದನ್ನು ತೆಗೆದುಕೊಂಡು, ಇನ್ನೊಂದರಲ್ಲಿ ಹಸಿರು ಅದನ್ನು ಮೀರದಂತೆ ಕನಿಷ್ಠವನ್ನು ಆರಿಸಿ, ಜಿಟ್.ಪ್ಯಾಕ್‌ನಿಂದ ಮತ್ತೆ ಕೂಡಿಸಿದರಾಯಿತು.

ಕೆಲವರು ದೊಡ್ಡದನ್ನು ತೆಗೆದುಕೊಳ್ಳುವ ಬದಲು ಕೆಂಪು ಮತ್ತು ನೀಲಿಯ ಸರಾಸರಿಯನ್ನು ಮಿತಿಯಾಗಿಸುತ್ತಾರೆ. ನಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ. ಚಿನ್ನದ ಬಣ್ಣ ಕೆಂಪು 220, ಹಸಿರು 180, ನೀಲಿ 60 ಎಂದುಕೊಳ್ಳಿ. ದೊಡ್ಡದರ ಮಿತಿ 220 ಆಗುವುದರಿಂದ 180ರ ಹಸಿರಿಗೆ ಏನೂ ಆಗುವುದಿಲ್ಲ, ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಸರಾಸರಿಯ ಮಿತಿ 140. ಹಸಿರು 140ಕ್ಕೆ ಇಳಿದು ಕಿರೀಟ ತಾಮ್ರದಂತಾಗುತ್ತದೆ. ಮುಖದ ಹಳದಿ ಬಣ್ಣಗಾರಿಕೆಗೂ ಇದೇ ಗತಿ. ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆಯನ್ನು ಒಂದು ತಪ್ಪು ಗಣಿತದಿಂದ ಕೆಡಿಸಬಾರದು.

ಕಡೆಗೆ ಟಾಲರೆನ್ಸ್

ಇಷ್ಟೆಲ್ಲ ಆದ ಮೇಲೆ ಟಾಲರೆನ್ಸ್ ಮುಟ್ಟಬಹುದು. ಕಡಲಿನ ಸ್ಟ್ರೀಮ್ ಕಿತ್ತು, ಅದರ ಜಾಗದಲ್ಲಿ ಒಂದು ಜಿಟ್.ಮ್ಯಾಟ್ರಿಕ್ಸ್ ಇಟ್ಟು, ಸೆಟ್‌ಆಲ್ 255 255 0 255 ಎಂಬ ಸಂದೇಶ ಕಳುಹಿಸಿ ಅದನ್ನು ಪೂರ್ತಿ ಕಡುಗುಲಾಬಿ ಬಣ್ಣವಾಗಿಸಿ. ಅಲುಗಾಡುವ ಕಡಲಿನಲ್ಲಿ ಅಡಗಿಕೊಳ್ಳುವ ತೂತುಗಳು ಈ ಬಣ್ಣದ ಮುಂದೆ ಎದ್ದು ಕಾಣುತ್ತವೆ. ಅಂಚನ್ನು ಮೃದುಗೊಳಿಸುವ ಫೇಡ್ ಸೊನ್ನೆಯಲ್ಲಿರಲಿ. ಟಾಲರೆನ್ಸ್‌ ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ, ಪರದೆಯ ಜಾಗವೆಲ್ಲ ಗುಲಾಬಿಯಾಗುವ ತನಕ ಹೋಗಿ. ಅದಕ್ಕೂ ಮೊದಲೇ ವೇಷದ ಮೇಲೆ ಗುಲಾಬಿ ಚುಕ್ಕಿ ಕಂಡರೆ ನಿಲ್ಲಿಸಿ, ಹಿಂದಿನ ಹಂತಗಳಿಗೆ ಮರಳಿ. ಬೆಳಕಿನಲ್ಲಿಯೋ ಪರದೆಯ ಬಣ್ಣದಲ್ಲಿಯೋ ಕೊರತೆ ಉಳಿದಿದೆ. ಎರಡೂ ತುದಿ ಸರಿಯಾದ ಮೇಲೆ, ಅಂಚು ಕತ್ತರಿಸಿದಂತೆ ಕಾಣದಿರುವಷ್ಟು ಮಾತ್ರ ಫೇಡ್ ಏರಿಸಿ.

ಅಂಚು ಮೆಟ್ಟಿಲು ಮೆಟ್ಟಿಲಾಗಿಯೇ ಉಳಿದರೆ ಕಾರಣ ಬಹುತೇಕ ಕ್ಯಾಮೆರಾದ ಸಂಕೋಚನದಲ್ಲಿದೆ. 4:2:0 ರೂಪದ ವಿಡಿಯೊದಲ್ಲಿ ನಾಲ್ಕು ಪಿಕ್ಸೆಲ್‌ಗಳ ಒಂದು ಚೌಕಕ್ಕೆ ಬಣ್ಣದ ಮಾಹಿತಿ ಒಂದೇ ಇರುತ್ತದೆ. ವೈಫೈ ಮೂಲಕ ಫೋನಿನಿಂದ ಬರುವ ಸ್ಟ್ರೀಮ್‌ಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಸಾಧ್ಯವಾದರೆ ಎಚ್‌ಡಿಎಂಐ ಕ್ಯಾಪ್ಚರ್ ಮೂಲಕ 4:2:2 (ಎರಡು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ) ತೆಗೆದುಕೊಳ್ಳಿ, ಇಲ್ಲವಾದರೆ ಹೆಚ್ಚಿನ ಅಳತೆಯಲ್ಲಿ ಪಡೆದು ಪ್ಯಾಚ್‌ನಲ್ಲಿ ಕುಗ್ಗಿಸಿ. ಸಣ್ಣ ಪಿವಿಂಡೋದಲ್ಲಿ ನೋಡಿ ಅಂಚಿನ ತೀರ್ಮಾನ ಮಾಡಬೇಡಿ. ಪ್ರೊಜೆಕ್ಟರ್‌ನ ಪೂರ್ಣ ಅಳತೆಯಲ್ಲಿಯೇ ನೋಡಿ.

ಆದರೆ ಅಳತೆಗೆ ಬೆಲೆಯಿದೆ. 640 ಅಗಲ 480 ಎತ್ತರದ ಫ್ರೇಮ್‌ನಲ್ಲಿ 3,07,200 ಪಿಕ್ಸೆಲ್‌ಗಳಿದ್ದರೆ, 1920 ಅಗಲ 1080 ಎತ್ತರದಲ್ಲಿ 20,73,600. ಕೆಲಸ ಏಳು ಪಟ್ಟಿಗೆ ಹತ್ತಿರ. ಮ್ಯಾಟ್ರಿಕ್ಸ್‌ನಲ್ಲಿ ಇದನ್ನೆಲ್ಲ ಪ್ರೊಸೆಸರ್ ಮಾಡಬೇಕಾಗುವುದರಿಂದ ಫ್ರೇಮ್ ಸಂಖ್ಯೆ ಕುಸಿಯುತ್ತದೆ. ಪೂರ್ಣ ಎಚ್‌ಡಿ ಬೇಕೆನ್ನುವವರು ಕೀ ಕೆಲಸವನ್ನು ಜಿಟ್.ಜಿಎಲ್.ಸ್ಲ್ಯಾಬ್ ಮೂಲಕ ಗ್ರಾಫಿಕ್ಸ್ ಕಾರ್ಡ್‌ಗೆ ಒಪ್ಪಿಸಬೇಕು.

ಚಿತ್ರ ಸರಿಯಾದರೂ ಚೆಂಡೆಯ ಪೆಟ್ಟು ಮೊದಲು ಕೇಳಿ ಹೆಜ್ಜೆ ಆಮೇಲೆ ಕಂಡರೆ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಕ್ಯಾಮೆರಾದ ಮುಂದೆ ಒಬ್ಬರು ಚಪ್ಪಾಳೆ ತಟ್ಟಲಿ, ಪ್ಯಾಚ್‌ನ ಕೊನೆಯ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಧ್ವನಿಗಿಂತ ಚಿತ್ರ ಎಷ್ಟು ಫ್ರೇಮ್ ತಡವಾಗಿದೆಯೆಂದು ಎಣಿಸಿ. 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಮೂರು ಫ್ರೇಮ್ ತಡವಾದರೆ ಹಿಮ್ಮೇಳದ ಧ್ವನಿಯ ದಾರಿಯಲ್ಲಿ 120 ಮಿಲಿಸೆಕೆಂಡ್ ಡಿಲೇ ಹಾಕಿ. ಇದು ರೆಕಾರ್ಡಿಂಗ್‌ಗೂ ಲೈವ್ ಪ್ರಸಾರಕ್ಕೂ ಸರಿ. ಮೇಳ ಎದುರಿನಲ್ಲಿಯೇ ಕೂತು ನುಡಿಸುತ್ತಿದ್ದರೆ ಡಿಲೇ ಪ್ರಯೋಜನವಾಗದು, ಚಿತ್ರದ ತಡವನ್ನೇ ಕಡಿಮೆ ಮಾಡಬೇಕು.

ಪ್ಯೂರ್ ಡೇಟಾದ ಚಿತ್ರ ವಿಭಾಗವಾದ ಜೆಮ್‌ನಲ್ಲಿ ಪಿಕ್ಸ್_ಕ್ರೋಮಾ_ಕೀ ಬಳಸುವವರು ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಅಲ್ಲಿ ಎರಡೂ ಚಿತ್ರಗಳ ಅಳತೆ ಒಂದೇ ಆಗಿರಬೇಕು, ಇಲ್ಲವಾದರೆ ಎರರ್ ಬರುತ್ತದೆ. ಪಿಕ್ಸ್_ರೀಸೈಜ್‌ನಿಂದ ಮೊದಲೇ ಹೊಂದಿಸಿಕೊಳ್ಳಿ. ಬಲಗಡೆಯ ಸರಪಳಿ ಮೊದಲು ನಡೆಯಬೇಕಾದ್ದರಿಂದ ಅದರ ಆರಂಭದಲ್ಲಿರುವ ಜೆಮ್‌ಹೆಡ್‌ಗೆ ಎಡಗಡೆಯದಕ್ಕಿಂತ ಚಿಕ್ಕ ಸಂಖ್ಯೆ ಕೊಡಿ. ಏನೂ ಕೊಡದಿದ್ದರೆ ಜೆಮ್‌ಹೆಡ್‌ನ ಸಂಖ್ಯೆ 50 ಆಗಿರುತ್ತದೆ, ಆದ್ದರಿಂದ ಬಲಗಡೆಯದಕ್ಕೆ 40 ಸಾಕು.

ಟಚ್‌ಡಿಸೈನರ್‌ನ ಕ್ರೋಮಾ ಕೀ ಟಾಪ್ (ಅಲ್ಲಿ ಚಿತ್ರದ ಪೆಟ್ಟಿಗೆಗಳಿಗೆ ಟಾಪ್ ಎಂದು ಹೆಸರು) ವರ್ಣ, ಗಾಢತೆ, ಹೊಳಪುಗಳಿಗೆ ಪ್ರತ್ಯೇಕ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಕೊಡುವುದರಿಂದ ಮೇಲೆ ಹೇಳಿದ ನೆರಳಿನ ಸಮಸ್ಯೆ ಅಲ್ಲಿ ಸುಲಭವಾಗಿ ಬಗೆಹರಿಯುತ್ತದೆ. ಅದು ಒಂದೇ ಸ್ಟ್ರೀಮ್‌ ಅನ್ನು ತೆಗೆದುಕೊಂಡು ಆಲ್ಫಾ ಕತ್ತರಿಸಿ ಕೊಡುತ್ತದೆ, ಕಡಲಿನ ಮೇಲೆ ಕೂರಿಸಲು ಓವರ್ ಟಾಪ್ ಬೇಕು. ಚಿನ್ನದ ಹಸಿರನ್ನು ಕೀ ಆದ ಮೇಲೆ, ಓವರ್‌ಗೆ ಮೊದಲು ತೆಗೆಯಬಹುದಾದ್ದರಿಂದ ಕಡಲಿಗೆ ಪೆಟ್ಟು ಬೀಳುವುದಿಲ್ಲ. ಈ ಒಂದು ಕಾರಣಕ್ಕೆ ಯಕ್ಷಗಾನದ ಕೆಲಸಕ್ಕೆ ನಾನು ಅದನ್ನೇ ಹೆಚ್ಚು ಮೆಚ್ಚುತ್ತೇನೆ. ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಬಣ್ಣವನ್ನು ಆಲ್ಫಾದಿಂದ ಗುಣಿಸುವ ಕೆಲಸ ಎರಡು ಸಲ ನಡೆದಿದೆಯೇ ಎಂದು ನೋಡಿ. ಉಚಿತ ಆವೃತ್ತಿಯಲ್ಲಿ ಚಿತ್ರದ ಅಳತೆ 1280 ಅಗಲ 1280 ಎತ್ತರವನ್ನು ದಾಟದು, ಆದ್ದರಿಂದ ಕ್ಯಾಮೆರಾವನ್ನೂ ಫೈಲನ್ನೂ 1280 ಅಗಲ 720 ಎತ್ತರಕ್ಕೆ ಇಟ್ಟುಕೊಂಡೇ ಆರಂಭಿಸಿ.